ಗುಜರಿಗೆ ಬಿದ್ದ ಮೋಟಾರು

ಧಾರವಾಡದಲ್ಲಿ ನಮ್ಮ ಪರಿಚಯದ ವೃದ್ಧ ಶಿಕ್ಷಕರೊಬ್ಬರಿದ್ದಾರೆ. ಸೇವೆಯಿಂದ ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಅವರು ಕೊಂಡುಕೊಂಡ ಹಳೆಯ ಅಂಬ್ಯಾಸಡರ್ ಮೋಟಾರು ಇಂದಿಗೂ ಅವರ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ನಿಂತಿರುತ್ತದೆ. ತಿಂಗಳಿಗೆ ಮೂರು ನಾಲ್ಕು ಸಲ ಪತ್ನಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದು ಮರಳಿ ತರುವದಷ್ಟೇ ಅದರ ಕೆಲಸ. ಒಂದು ಮಳೆಗಾಲದ ಮುಂಜಾನೆ ನವಲೂರಿನ ಹತ್ತಿರ ಹಿಂದಿನ ಎಕ್ಸಲ್ ಶಾಫ್ಟು ಎರಡು ತುಂಡಾಗಿ ಗಾಡಿ ನಡುರಸ್ತೆಯಲ್ಲಿ ನಿಂತಿತು. ಎಂಜಿನು ಓಡುತ್ತಿದೆ, ಗಿಯರು ಬೀಳುತ್ತಿದೆ. ಚಕ್ರ ಮಾತ್ರ ತಿರುಗಲೊಲ್ಲದು.

ಊರಿನ ನಾಲ್ಕು ಗ್ಯಾರೇಜುಗಳಲ್ಲಿ ವಿಚಾರಿಸಿದ್ದಾಯಿತು. ಮೂರು ಕಡೆ ಬಂದ ಉತ್ತರ ಒಂದೇ: “ಇನ್ನ ಗುಜರಿಗೆ ಹಾಕ್ರಿ ಸರ, ಕಿಲೋ ಲೆಕ್ಕಾ ಹಚ್ಚಿ ರೊಕ್ಕಾ ಕೊಡ್ತಾರ.” ನಾಲ್ಕನೆಯ ಕಡೆಯಲ್ಲಿದ್ದ ಮುದುಕ ಮೇಸ್ತ್ರಿ ಮಾತ್ರ ಮುರಿದ ತುಂಡುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ತುದಿಯ ಹಲ್ಲುಗಳನ್ನು ಉಗುರಿನಿಂದ ಎಣಿಸಿ, “ಸತ್ತ ಗಾಡಿ ಒಂದು ಹುಡಕ್ರಿ, ಅದರ ಹೊಟ್ಟ್ಯಾಗ ಇದು ಇರ್ತದ” ಎಂದನಂತೆ. ಶಿಕ್ಷಕರು ಈ ಸಂಗತಿಯನ್ನು ನಮಗೆ ಹೇಳಿದಾಗ ನಗುತ್ತ ಹೇಳಿದರು. ಆದರೆ ಆ ಮೇಸ್ತ್ರಿಯ ಮಾತಿನಲ್ಲಿ ದೇಶದ ಒಂದು ದೊಡ್ಡ ಆರ್ಥಿಕ ಪ್ರಶ್ನೆಯೇ ಅಡಗಿದೆಯೆಂದು ನಮಗನಿಸಿದ್ದರಿಂದ ಆ ವಿಷಯವನ್ನು ಇಂದು ವಾಚಕರ ಲಕ್ಷ್ಯಕ್ಕೆ ತರಬಯಸುತ್ತೇವೆ.

ಅಂಬ್ಯಾಸಡರ್ ಗಾಡಿಯು ಬಂಗಾಲದ ಉತ್ತರಪಾಡಾದ ಕಾರಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು. ಮುಂಬಯಿಯ ಕುರ್ಲಾದಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿಯು ಅದಕ್ಕಿಂತ ಮೊದಲೇ, ಈ ಶತಮಾನದ ಆರಂಭದ ಹೊತ್ತಿಗೇ ನಿಂತುಹೋಯಿತು. ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಉಳಿದಿದ್ದ ಅದರ ಕೊನೆಯ ಸಂತತಿಯೂ 2023ರ ಅಕ್ಟೋಬರಿನಲ್ಲಿ ವಯೋಮಿತಿ ಮುಗಿದು ನಿವೃತ್ತವಾಯಿತು. ತಯಾರಕರ ಕಾರಖಾನೆಯೇ ಮುಚ್ಚಿದ ಮೇಲೆ ಬಿಡಿಭಾಗಗಳು ಎಲ್ಲಿಂದ ಬರಬೇಕು? ಕೆಲವನ್ನು ಸಣ್ಣ ಕಾರಖಾನೆಗಳು ಇನ್ನೂ ಮಾಡಿ ಮಾರುತ್ತಿರಬಹುದು. ಉಳಿದವುಗಳಿಗೆ ಉಗ್ರಾಣವೆಂದರೆ ಸತ್ತ ಗಾಡಿಗಳೇ. ಬೇರೊಂದು ಅಂಬ್ಯಾಸಡರ್ ತನ್ನ ಆಯುಷ್ಯವನ್ನು ಮುಗಿಸಿದಾಗ ಅದರೊಳಗಿನ ನೂರಾರು ಭಾಗಗಳ ಆಯುಷ್ಯ ಮುಗಿದಿರುವದಿಲ್ಲ ಎಂಬ ಸರಳ ಸತ್ಯದ ಮೇಲೆ ಗುಜರಿಯ ವ್ಯಾಪಾರವೆಲ್ಲ ನಿಂತಿರುವದು.

ಈ ಭಾಗಗಳು ನಮ್ಮ ದೇಶಕ್ಕೆ ಹೇಗೆ ಬಂದವೆಂಬದನ್ನು ಇಲ್ಲಿ ಸ್ವಲ್ಪ ನೆನೆಯುವದು ಅಪ್ರಸ್ತುತವಾಗಲಾರದು. ಮೋಟಾರನ್ನು ಈ ನೆಲದಲ್ಲಿಯೇ ತಯಾರಿಸಬೇಕೆಂದು ಪಟ್ಟು ಹಿಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಅಗ್ರಗಣ್ಯರು. 1935ರಲ್ಲಿ ಅವರು ಯುರೋಪು ಅಮೇರಿಕಗಳಲ್ಲಿ ಸಂಚರಿಸಿ, ಅಲ್ಲಿಯ ಕಾರಖಾನೆಗಳನ್ನು ಕಣ್ಣಾರೆ ಕಂಡು ಯೋಜನೆಯೊಂದನ್ನು ರೂಪಿಸಿದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಅದಕ್ಕೆ ಒಲವು ತೋರಿತು; 1939ರಲ್ಲಿ ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಮುಂದೆ ವಾಲಚಂದ ಹೀರಾಚಂದರು ಅಮೇರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಾಗ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಕಾರಖಾನೆಗೆ ಎಡೆಗೊಡಲು ಸಿದ್ಧವಾಗಿತ್ತು. ಆಂಗ್ಲ ಸರಕಾರವು ಯುದ್ಧದ ನೆವವೊಡ್ಡಿ ಅದಕ್ಕೆ ಬೆಂಬಲವೀಯಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಿಮಾನದ ಕಾರಖಾನೆ ಬಂದಿತು, ಮೋಟಾರಿನ ಕಾರಖಾನೆ ಬರಲಿಲ್ಲ. ಸ್ವಾತಂತ್ರ್ಯಾನಂತರವೂ ಮೊದಮೊದಲು ಇಲ್ಲಿ ನಡೆಯುತ್ತಿದ್ದುದು ಹೊರಗಿನಿಂದ ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಜೋಡಿಸುವ ಕೆಲಸವೇ. 1953ರಲ್ಲಿ ಸುಂಕ ಆಯೋಗವು, ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿಲ್ಲದ ಜೋಡಣೆಗಾರರಿಗೆ ಅವಕಾಶವಿಲ್ಲವೆಂಬ ಶಿಫಾರಸು ಮಾಡಿದ ಮೇಲೆ ಫೋರ್ಡ್, ಜನರಲ್ ಮೋಟರ್ಸಿನಂಥ ದೊಡ್ಡ ಕಂಪನಿಗಳು ಗಂಟುಮೂಟೆ ಕಟ್ಟಿದವು. ಆಮೇಲೆ ಗಿಯರು, ಶಾಫ್ಟು, ಕಮಾನುಪಟ್ಟಿಗಳು ಒಂದೊಂದಾಗಿ ಈ ದೇಶದ ಕುಲುಮೆಗಳಲ್ಲಿ ತಯಾರಾಗತೊಡಗಿದವು. ಇಷ್ಟು ಹೋರಾಡಿ ಕಲಿತ ಕೈಗೆಲಸದ ಫಲವನ್ನು ಕಬ್ಬಿಣದ ತೂಕಕ್ಕೆ ಮಾರಿ ಕರಗಿಸುವದೆಂದರೆ, ಕೆತ್ತನೆಯ ಬಾಗಿಲನ್ನು ಬಚ್ಚಲೊಲೆಗೆ ಒಟ್ಟಿದಂತೆಯೇ ಸರಿ.

ಗುಜರಿಯವನ ಅಂಗಳಕ್ಕೆ ಗಾಡಿ ಬಂದ ಮೇಲೆ ನಡೆಯುವ ಕೆಲಸವನ್ನು ನಮ್ಮ ಸುಶಿಕ್ಷಿತರಲ್ಲಿ ಅನೇಕರು ನೋಡಿರಲಿಕ್ಕಿಲ್ಲ. ಸುತ್ತಿಗೆಯಿಂದ ಬಡಿದು ಒಡೆಯುವದೆಂದು ಹಲವರ ಎಣಿಕೆ. ಅದು ಹಾಗಲ್ಲ. ಮೊದಲು ಬ್ಯಾಟರಿಯನ್ನು ಬಿಚ್ಚುತ್ತಾರೆ. ಅದರ ಸೀಸಕ್ಕೂ ಬೆಲೆಯುಂಟು, ಅದರ ಆಮ್ಲದಿಂದ ಅಪಾಯವೂ ಉಂಟು. ಬಳಿಕ ಪೆಟ್ರೋಲು, ಎಂಜಿನ್ ಎಣ್ಣೆ, ಗಿಯರ್ ಎಣ್ಣೆ, ಬ್ರೇಕಿನ ದ್ರವ ಇವುಗಳನ್ನು ಬೇರೆ ಬೇರೆಯಾಗಿ ಇಳಿಸಿಕೊಳ್ಳಬೇಕು. ಗಾಜುಗಳನ್ನು ಅಂಚಿನ ರಬ್ಬರು ಸಮೇತ ತೆಗೆಯುವದು ನಾಜೂಕಿನ ಕೆಲಸ. ಹಳೆಯ ಗಾಡಿಯ ಮುಂಗಾಜಿಗೆ ಗಿರಾಕಿಗಳು ಕಾದು ಕುಳಿತಿರುತ್ತಾರೆ. ಬಾಗಿಲು, ಹಿಡಿಕೆ, ದೀಪ, ಗಾಜು ಏರಿಸುವ ಯಂತ್ರ, ಮೀಟರುಗಳು, ಆಸನಗಳು ಅನಂತರ. ರೇಡಿಯೇಟರು ಹಿತ್ತಾಳೆ ತಾಮ್ರಗಳದಾದುದರಿಂದ ಅದನ್ನು ಕರಗಿಸುವ ಆಸೆ ಎಲ್ಲಕ್ಕಿಂತ ಹೆಚ್ಚು. ಆದರೆ ಬುದ್ಧಿವಂತನಾದವನು ಅದರ ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುವದೋ ಇಲ್ಲವೋ ನೋಡುತ್ತಾನೆ. ಗುಳ್ಳೆ ಏಳದಿದ್ದರೆ ಅದು ಲೋಹವಾಗಿ ಅಲ್ಲ, ರೇಡಿಯೇಟರಾಗಿಯೇ ಮಾರಾಟವಾಗುತ್ತದೆ. ಕೊನೆಯಲ್ಲಿ ಎಂಜಿನ್ನು, ಗಿಯರ್ ಬಾಕ್ಸು, ಎಕ್ಸಲ್ಲುಗಳನ್ನು ಸರಪಳಿಯಿಂದ ಎತ್ತಿ ಕೆಳಗಿಳಿಸುತ್ತಾರೆ. ಗ್ಯಾಸಿನ ಜ್ವಾಲೆಯಿಂದ ಕತ್ತರಿಸುವದು ಎಲ್ಲವೂ ಮುಗಿದು ಬರಿಯ ತಗಡು ಉಳಿದ ಮೇಲೆ. ಅವಸರಕ್ಕೆ ಬಿದ್ದು ಮೊದಲೇ ಜ್ವಾಲೆ ಹಚ್ಚಿದರೆ ಕಾಸಿದ ಉಕ್ಕಿನ ಗಡಸುತನ ಹೋಗಿ ಅದರ ಪಕ್ಕದ ಭಾಗವೂ ಕೆಡುತ್ತದೆ.

ಹೀಗೆ ಬಿಚ್ಚಿದುದರಲ್ಲಿ ಯಾವುದು ಜೀವಂತ, ಯಾವುದು ಮೃತ ಎಂಬ ವಿವೇಚನೆಯೇ ಈ ಕಸುಬಿನ ಪ್ರಾಣ. ಗಿಯರಿನ ಹಲ್ಲುಗಳ ಮೇಲೆ ಬೆರಳಾಡಿಸಿ ಸಣ್ಣ ಗುಳಿಗಳು ಬಿದ್ದಿವೆಯೋ ನೋಡಬೇಕು. ಕಾರ್ಬ್ಯುರೇಟರಿನ ಕಡ್ಡಿಯನ್ನು ಅಲ್ಲಾಡಿಸಿ ಸಡಿಲವಿದೆಯೋ ತಿಳಿಯಬೇಕು. ಸೆಲ್ಫ್ ಮೋಟಾರನ್ನು ಬ್ಯಾಟರಿಗೆ ತಾಗಿಸಿ ಅದರ ಕೂಗು ಕೇಳಬೇಕು. ಕ್ರ್ಯಾಂಕ್ ಶಾಫ್ಟಿನ ಸವಕಳಿಯನ್ನು ಮೈಕ್ರೊಮೀಟರಿನಿಂದ ಅಳೆಯದೆ ಕೊಳ್ಳಲೇಬಾರದು. ಎಕ್ಸಲ್ ಶಾಫ್ಟನ್ನು ನೆಲದ ಮೇಲೆ ಉರುಳಿಸಿದರೆ ಬಾಗಿದ್ದು ಕಣ್ಣಿಗೆ ಕಾಣುತ್ತದೆ; ಹಲ್ಲುಗಳು ತಿರುಚಿಕೊಂಡಿದ್ದರೆ ಅದು ಒಮ್ಮೆ ಅತಿಭಾರಕ್ಕೆ ಸಿಕ್ಕಿತ್ತೆಂದೇ ಅರ್ಥ, ಅಂಥದನ್ನು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಬೇಕು. ಕೊಳ್ಳಲು ಹೋಗುವವನು ತನ್ನ ಮುರಿದ ಭಾಗವನ್ನು ಜೊತೆಗೆ ಒಯ್ಯುವದು ಉತ್ತಮ. ಒಂದೇ ಹೆಸರಿನ ಗಾಡಿಯಲ್ಲಿ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗಿರುತ್ತವೆ. ಅಂಬ್ಯಾಸಡರಿಗೇ 1489 ಘನ ಸೆಂಟಿಮೀಟರಿನ ಬ್ರಿಟಿಷ್ ವಂಶದ ಎಂಜಿನ್ ಇದ್ದ ಕಾಲವೊಂದು, ಜಪಾನಿನ ಇಸುಜು ಎಂಜಿನ್ ಬಂದ ಕಾಲವೊಂದು. ಹೆಸರು ಕೇಳಿ ಕೊಂಡವನು ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂಡುತ್ತಾನೆ.

ಹಾಗೆಂದು ಹಳೆಯದೆಲ್ಲ ಬಂಗಾರವೆಂದು ನಾವು ಹೇಳುವದಿಲ್ಲ. ಬ್ರೇಕಿನ ಪಟ್ಟಿ, ಬ್ರೇಕಿನ ರಬ್ಬರು ನಳಿಕೆ, ಟಾಯರು, ಆಸನದ ಸುರಕ್ಷಾಪಟ್ಟಿ, ಹೊಸ ಗಾಡಿಗಳಲ್ಲಿಯ ಗಾಳಿಚೀಲ ಇವುಗಳನ್ನು ಇನ್ನೊಬ್ಬರ ಗಾಡಿಯಿಂದ ಎತ್ತಿ ಹಾಕಿಕೊಳ್ಳುವದು ಜೀವದೊಡನೆ ಚೆಲ್ಲಾಟ. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುತ್ತದೆ. ಅದರ ಧೂಳನ್ನು ಬಾಯಿಂದ ಊದಿ ತೆಗೆಯುವ ಹುಡುಗನ ಎದೆಗೂಡಿನ ಗತಿಯೇನೆಂದು ಯಾರೂ ಕೇಳುವದಿಲ್ಲ.

ಇಂಥ ಪೇಟೆಗಳು ನಮ್ಮ ದೊಡ್ಡ ಪಟ್ಟಣಗಳಲ್ಲೆಲ್ಲ ಬೆಳೆದಿವೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಓಣಿಗಳು, ಬಿಡಿಭಾಗಗಳ ಅಂಗಡಿಗಳಿಂದ ತುಂಬಿದ ಜೆ. ಸಿ. ರಸ್ತೆ, ಚೆನ್ನೈಯ ಪುದುಪೇಟೆ, ಮುಂಬಯಿಯ ಕುರ್ಲಾ ಇವು ಮೋಟಾರು ಉಳ್ಳವರಿಗೆಲ್ಲ ಗೊತ್ತಿರುವ ಹೆಸರುಗಳು. ಅಲ್ಲಿ ಬರೆದಿಟ್ಟ ಪಟ್ಟಿಯಿಲ್ಲ. ಯಾವ ಅಂಗಡಿಯ ಮಾಳಿಗೆಯಲ್ಲಿ ಯಾವ ಗಾಡಿಯ ಯಾವ ಭಾಗವಿದೆಯೆಂಬದು ಒಬ್ಬನ ತಲೆಯಲ್ಲಿರುತ್ತದೆ. ತನ್ನಲ್ಲಿಲ್ಲದಿದ್ದರೆ ಅವನು ಹುಡುಗನೊಬ್ಬನನ್ನು ನಾಲ್ಕನೆಯ ಅಂಗಡಿಗೆ ಓಡಿಸಿ ತರಿಸುತ್ತಾನೆ. ಯಾವ ವಿದ್ಯಾಪೀಠವೂ ಕಲಿಸದ ಈ ಜ್ಞಾಪಕಶಕ್ತಿಯನ್ನೂ ಈ ಕೈಚಳಕವನ್ನೂ ದೇಶದ ಬಂಡವಾಳವೆಂದು ಲೆಕ್ಕ ಹಿಡಿದವರು ಇಲ್ಲ.

ಈ ವ್ಯಾಪಾರದ ಕಪ್ಪು ಮುಖವನ್ನು ಮುಚ್ಚಿಡುವದು ಪ್ರಾಮಾಣಿಕತೆಯಾಗಲಾರದು. ಕದ್ದ ಗಾಡಿಗಳನ್ನು ರಾತ್ರೋರಾತ್ರಿ ಬಿಚ್ಚಿ ಬೆಳಗಾಗುವದರೊಳಗೆ ಹೆಸರಿಲ್ಲದಂತೆ ಮಾಡುವ ಜಾಲಗಳು ಗುಜರಿಯ ಮರೆಯಲ್ಲಿ ನಡೆದುಬಂದಿವೆ. ಈ ಅಪಕೀರ್ತಿಗೆ ಉತ್ತರ ಪ್ರದೇಶದ ಮೀರತ್ ನಗರದ ಸೋತಿಗಂಜ್ ಪೇಟೆಯು ದೇಶದಲ್ಲೆಲ್ಲ ಪ್ರಸಿದ್ಧವಾಗಿತ್ತು. 2021ರ ಡಿಸೆಂಬರಿನಲ್ಲಿ ಪೊಲೀಸರು ಅಲ್ಲಿಯ ಅಂಗಡಿಗಳನ್ನು ಮುಚ್ಚಿಸಿದರು. ಮುಚ್ಚಿಸಿದ್ದು ಸರಿಯೇ. ಕಳ್ಳನು ಕಳ್ಳನೇ. ಆದರೆ ಒಂದು ಪೇಟೆಯ ಕಳ್ಳರನ್ನು ತೋರಿಸಿ ಎಲ್ಲ ಊರುಗಳ ಪಾನಾ ಹಿಡಿದ ಕೈಗಳನ್ನೆಲ್ಲ ಸಂಶಯದಿಂದ ನೋಡುವ ಮನೋವೃತ್ತಿ ಬೆಳೆದಿರುವದನ್ನು ನಾವು ಒಪ್ಪಲಾರೆವು. ಅಕ್ಕಸಾಲಿಗರಲ್ಲಿ ಕೆಲವರು ಕದ್ದ ಒಡವೆ ಕೊಂಡರೆಂದು ಊರಿನ ಕುಲುಮೆಗಳನ್ನೆಲ್ಲ ಆರಿಸುವದುಂಟೇ?

ಈಗ ಕಾಯಿದೆಯ ಮಾತು. ಕೇಂದ್ರ ಸರಕಾರವು 2021ರ ಸೆಪ್ಟೆಂಬರಿನಲ್ಲಿ ವಾಹನಗಳನ್ನು ಕಳಚುವ ನೋಂದಾಯಿತ ಕೇಂದ್ರಗಳ ಬಗೆಗೆ ನಿಯಮಗಳನ್ನು ಹೊರಡಿಸಿತು. ಅವುಗಳಲ್ಲಿ ಮೆಚ್ಚತಕ್ಕ ಅಂಶಗಳು ಹಲವಿವೆ. ಕೇಂದ್ರದವರು ಗಾಡಿಯನ್ನು ಒಳಗೆ ತೆಗೆದುಕೊಳ್ಳುವ ಮುಂಚೆ ಅದು ಕಳವಿನ ಪಟ್ಟಿಯಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಚಾಸಿಯ ಸಂಖ್ಯೆಯಿರುವ ತುಂಡನ್ನು ಕತ್ತರಿಸಿ ಜೋಪಾನವಾಗಿ ಇಡಬೇಕು. ಮಾಲಿಕನಿಗೆ ಪ್ರಮಾಣಪತ್ರ ಕೊಡಬೇಕು. ಆ ಪತ್ರ ತೋರಿಸಿ ಹೊಸ ಗಾಡಿ ಕೊಂಡರೆ ಖಾಸಗಿ ವಾಹನಕ್ಕೆ ರಸ್ತೆತೆರಿಗೆಯಲ್ಲಿ ಶೇಕಡಾ 25ರವರೆಗೆ, ಸಾರಿಗೆ ವಾಹನಕ್ಕೆ ಶೇಕಡಾ 15ರವರೆಗೆ ರಿಯಾಯತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಮಾಲಿಕನ ಕೈಗೆ ಬರುವ ಗುಜರಿ ಬೆಲೆಯು ಹೊಸ ಗಾಡಿಯ ಬೆಲೆಯ ಶೇಕಡಾ 4ರಿಂದ 6ರಷ್ಟಾಗಬಹುದೆಂದು ನೀತಿಯನ್ನು ಪ್ರಕಟಿಸುವಾಗ ಸರಕಾರವೇ ಹೇಳಿತ್ತು.

ಆದರೆ ಇಂಥ ಕೇಂದ್ರ ತೆರೆಯುವವರು ಅರ್ಜಿಯೊಡನೆ 1 ಲಕ್ಷ ರೂಪಾಯಿ ಶುಲ್ಕವನ್ನೂ 10 ಲಕ್ಷ ರೂಪಾಯಿಗಳ ಬ್ಯಾಂಕಿನ ಹೊಣೆಪತ್ರವನ್ನೂ ಕೊಡಬೇಕು. ಅದರ ಮೇಲೆ ಜಾಗ, ಯಂತ್ರ, ಮಾಲಿನ್ಯ ನಿವಾರಣೆಯ ಏರ್ಪಾಡುಗಳ ವೆಚ್ಚ ಬೇರೆ. ತಗಡಿನ ಚಪ್ಪರದ ಕೆಳಗೆ ಇಬ್ಬರು ಮಕ್ಕಳೊಡನೆ ಕೆಲಸ ಮಾಡುವ ಶಿವಾಜಿನಗರದ ಕಸುಬುದಾರನು ಈ ಬಾಗಿಲನ್ನು ಹೇಗೆ ದಾಟಬೇಕು? ದಾಟಲಾರದವನು ಕಾಯಿದೆಯ ಹೊರಗೇ ಉಳಿಯುತ್ತಾನೆ. ಹೊರಗುಳಿದವನನ್ನು ಅನ್ಯಾಯಗಾರನೆನ್ನುವದು ಸುಲಭ.

ಎರಡನೆಯ ಸಂಗತಿ ಇದಕ್ಕಿಂತ ಗಂಭೀರವಾದುದು. 2025ರ ಜನವರಿಯಲ್ಲಿ ಪ್ರಕಟವಾಗಿ ಏಪ್ರಿಲ್ 1ರಿಂದ ಜಾರಿಗೆ ಬಂದ ಆಯುಷ್ಯ ಮುಗಿದ ವಾಹನಗಳ ನಿಯಮಗಳು ಮೋಟಾರು ತಯಾರಕರ ಮೇಲೆ ಒಂದು ಹೊಣೆ ಹೊರಿಸಿವೆ. ಹಿಂದೆ ತಾವು ಪೇಟೆಗೆ ಬಿಟ್ಟ ವಾಹನಗಳಲ್ಲಿಯ ಉಕ್ಕಿನಲ್ಲಿ 2025-26ರಿಂದ ಶೇಕಡಾ 8, 2030-31ರಿಂದ ಶೇಕಡಾ 13, 2035-36ರಿಂದ ಶೇಕಡಾ 18ರಷ್ಟು ಮರಳಿ ದೊರಕಿತೆಂದು ಅವರು ಲೆಕ್ಕ ತೋರಿಸಬೇಕು. ತಯಾರಕನಿಗೆ ತಾನು ಮಾರಿದ ವಸ್ತುವಿನ ಕೊನೆಗಾಲದ ಹೊಣೆಯೂ ಇರಬೇಕೆಂಬ ತತ್ವವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ನಮ್ಮ ತಕರಾರು ಆ ತಕ್ಕಡಿಯ ಬಗೆಗೆ. ನಿಯಮಗಳಲ್ಲಿ ಮರುಬಳಕೆಯ ಮಾತು ಇಲ್ಲವೆಂದಲ್ಲ. ಆದರೆ ಅಳತೆಗೋಲು ಉಕ್ಕಿನ ತೂಕ. ಸುಸ್ಥಿತಿಯಲ್ಲಿರುವ ಗಿಯರ್ ಬಾಕ್ಸನ್ನು ಒಡೆದು ಭಟ್ಟಿಗೆ ಹಾಕಿದರೆ ತೂಕದ ಲೆಕ್ಕ ಸಲೀಸಾಗಿ ಕೂಡುತ್ತದೆ. ಅದನ್ನೇ ಒರೆಸಿ, ಎಣ್ಣೆ ಹಚ್ಚಿ, ಗದಗಿನ ಒಬ್ಬ ಟ್ಯಾಕ್ಸಿಯವನಿಗೆ ಕೊಟ್ಟು ಅವನ ಹೊಟ್ಟೆಪಾಡನ್ನು ಉಳಿಸಿದರೆ ಆ ಉಪಕಾರವನ್ನು ತೂಗಿ ತೋರಿಸುವ ಕಲ್ಲು ಈ ತಕ್ಕಡಿಯಲ್ಲಿಲ್ಲ. ಕರಗಿದ ಗಿಯರಿನಲ್ಲಿ ಉಕ್ಕು ಮಾತ್ರ ಉಳಿಯುತ್ತದೆ. ಅದನ್ನು ಬಡಿದವನ, ಹಲ್ಲು ಕಡಿದವನ, ಕಾಸಿ ಹದಗೊಳಿಸಿದವನ ದುಡಿಮೆ ಹೊಗೆಯಾಗಿ ಹೋಗುತ್ತದೆ.

ಇತ್ತ ಹಳೆಯ ಗಾಡಿಯನ್ನು ಉಳಿಸಿಕೊಳ್ಳುವವನ ಮೇಲೆ ಭಾರ ಏರುತ್ತಲೇ ಇದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವು 2022ರ ಏಪ್ರಿಲ್ 1ರಿಂದ 600 ರೂಪಾಯಿಗಳಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಹೊಗೆಯುಗುಳುವ ಗಾಡಿ ರಸ್ತೆಯಲ್ಲಿ ಇರಕೂಡದೆಂಬದರಲ್ಲಿ ನಮಗೆ ಎರಡು ಮಾತಿಲ್ಲ. ತಪಾಸಣೆಯಲ್ಲಿ ಸೋತ ಗಾಡಿ ಹೋಗಲಿ. ಆದರೆ ಗಾಡಿಯನ್ನು ಬಿಡುವದು ಬೇರೆ, ಗಾಡಿಯೊಳಗಿನ ಬಾಗಿಲು, ಗಾಜು, ಶಾಫ್ಟುಗಳನ್ನು ಬಿಡುವದು ಬೇರೆ. ಬಾಗಿಲು ಹೊಗೆಯುಗುಳುವದಿಲ್ಲ.

ಹೊಸ ಗಾಡಿಗಳ ಸ್ಥಿತಿ ಇನ್ನೂ ವಿಚಿತ್ರ. ಅವುಗಳಲ್ಲಿಯ ವಿದ್ಯುನ್ಮಾನ ಪೆಟ್ಟಿಗೆಗಳಿಗೆ ಆಯಾ ಗಾಡಿಯ ಬೀಗದ ಕೈಯ ಗುರುತು ಕಲಿಸಿರುತ್ತಾರೆ. ಅಪಘಾತದಲ್ಲಿ ನಜ್ಜುಗುಜ್ಜಾದ ಕಾರಿನಿಂದ ಒಳ್ಳೆಯ ಪೆಟ್ಟಿಗೆಯೊಂದನ್ನು ಬಿಚ್ಚಿ ತಂದು ತನ್ನ ಕಾರಿಗೆ ಕೂಡಿಸಿದರೆ ಎಂಜಿನು ಹೊರಡುವದೇ ಇಲ್ಲ. ಅದಕ್ಕೆ ಹೊಸ ಗುರುತನ್ನು ಕಲಿಸುವ ಉಪಕರಣವೂ ವಿದ್ಯೆಯೂ ಬಹುಮಟ್ಟಿಗೆ ಕಂಪನಿಯ ಮನೆಯಲ್ಲಿವೆ. ಕಳವು ತಡೆಯಲು ಇದು ಬೇಕೆನ್ನುತ್ತಾರೆ. ಬೇಕಿರಬಹುದು. ಆದರೆ ಕಳ್ಳನಿಗೆ ಹಾಕಿದ ಬೀಗ ಒಡೆಯನನ್ನೇ ಹೊರಗೆ ನಿಲ್ಲಿಸಬಾರದಷ್ಟೆ? ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಮೇಸ್ತ್ರಿಗಳಿಗೆ ದೊರೆಯದಂತೆ ತಡೆದ ತಪ್ಪಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಮೋಟಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಪ್ರಕರಣವು ಅನಂತರ ಮೇಲ್ಮನವಿಗಳ ದಾರಿ ಹಿಡಿಯಿತು. ಅಂದು ತಡೆದದ್ದು ಭಾಗಗಳನ್ನು. ಇಂದು ಭಾಗ ಕೈಗೆ ಸಿಕ್ಕರೂ ಅದಕ್ಕೆ ಜೀವ ತುಂಬುವ ಮಂತ್ರವನ್ನು ತಡೆದಿಟ್ಟಂತಾಗಿದೆ.

ಹಾಗಾದರೆ ಮಾಡತಕ್ಕದ್ದೇನು? ಕಾಯಿದೆಯನ್ನು ಕಿತ್ತೊಗೆಯಿರೆಂದು ನಾವು ಕೇಳುವದಿಲ್ಲ. ಅದರ ಬಾಗಿಲನ್ನು ಅಗಲ ಮಾಡಿರೆಂದು ಕೇಳುತ್ತೇವೆ. ಸಹಕಾರಿ ಚಳವಳಿಗೆ ನಮ್ಮ ನಾಡು ಹೊಸದಲ್ಲ. 1905ರಲ್ಲಿಯೇ ಗದಗ ಸೀಮೆಯ ಕಣಗಿನಹಾಳದಲ್ಲಿ ರೈತರು ಸಹಕಾರಿ ಸಂಘ ಕಟ್ಟಿದ ನೆಲವಿದು. ಹತ್ತಿಪ್ಪತ್ತು ಗುಜರಿಯವರು ಒಂದು ಸಂಘವಾಗಿ ಬಂದರೆ ಅವರೆಲ್ಲರಿಗೂ ಕೂಡಿ ಒಂದೇ ನೋಂದಣಿಯಾಗುವಂತೆ, ಎಣ್ಣೆ ಇಳಿಸುವ ಕಟ್ಟೆ, ಆಮ್ಲದ ತೊಟ್ಟಿಗಳು ಸಾಮಾನ್ಯ ಸ್ಥಳದಲ್ಲಿರುವಂತೆ ರಾಜ್ಯ ಸರಕಾರವು ಕೈಗಾರಿಕಾ ವಸಾಹತುಗಳಲ್ಲಿ ಏರ್ಪಾಡು ಮಾಡಬಹುದು. ಬಿಚ್ಚಿದ ಪ್ರತಿಯೊಂದು ಮುಖ್ಯ ಭಾಗಕ್ಕೂ ಅದು ಬಂದ ಗಾಡಿಯ ಸಂಖ್ಯೆಯಿರುವ ಚೀಟಿ ಕಟ್ಟಲಿ. ಕೊಂಡವನ ರಸೀತಿಯಲ್ಲಿಯೂ ಅದೇ ಸಂಖ್ಯೆ ಇರಲಿ. ಪ್ರಾಮಾಣಿಕನಿಗೆ ಇದರಿಂದ ತೊಂದರೆಯಿಲ್ಲ, ಕಳ್ಳನಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿಲ್ಲ. ಹೀಗೆ ಚೀಟಿಯೊಡನೆ ಮಾರಾಟವಾದ ಭಾಗದ ತೂಕವನ್ನು ತಯಾರಕರ ಹೊಣೆಯ ಲೆಕ್ಕದಲ್ಲಿ ಕರಗಿಸಿದ ಉಕ್ಕಿಗಿಂತ ಹೆಚ್ಚಿನದೆಂದು ಪರಿಗಣಿಸಿದರೆ ಕಂಪನಿಗಳೇ ಮೇಸ್ತ್ರಿಗಳನ್ನು ಹುಡುಕಿಕೊಂಡು ಬಂದಾವು.

ಪ್ರಾರಂಭಕ್ಕೆ ಸರಕಾರದ ಅಂಗಳದಲ್ಲಿಯೇ ಸರಕು ಸಿದ್ಧವಾಗಿದೆ. ರಕ್ಷಣೆ ಮುಂತಾದ ವಿಶೇಷ ಕಾರ್ಯದ ವಾಹನಗಳನ್ನು ಬಿಟ್ಟರೆ, ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರ ಬಳಿಕ ನವೀಕರಿಸುವಂತಿಲ್ಲ. ತಾಲೂಕು ಕಚೇರಿಗಳ ಹಿತ್ತಲಿನಲ್ಲಿ ಹುಲ್ಲು ಬೆಳೆದು ಮುಚ್ಚಿದ ಜೀಪುಗಳನ್ನು ಯಾರು ನೋಡಿಲ್ಲ? ಅವು ಬಹುಪಾಲು ಒಂದೇ ಕೆಲವು ಮಾದರಿಗಳವು. ಕಳವಿನ ಸಂಶಯವಿಲ್ಲ, ಕಾಗದಪತ್ರಗಳೆಲ್ಲ ಸರಕಾರದ ಕಪಾಟಿನಲ್ಲಿಯೇ ಇವೆ. ಅವು ಒಂದೊಂದು ಮಳೆಗಾಲ ನಿಂತಲ್ಲಿಯೇ ನೆನೆದಂತೆ ಬೇರಿಂಗುಗಳು ತುಕ್ಕು ಹಿಡಿದು ಕೂಡುತ್ತವೆ, ಬಳಕೆಗೆ ಬರಬಹುದಾಗಿದ್ದ ಭಾಗಗಳು ನಿಜವಾಗಿಯೂ ಬರಿಯ ಕಬ್ಬಿಣವಾಗುತ್ತವೆ. ಅವುಗಳನ್ನು ಸಾಲುಗಟ್ಟಿ ಭಟ್ಟಿಗೆ ಕಳಿಸುವ ಮುಂಚೆ ಬಿಚ್ಚಿ ಭಾಗಗಳನ್ನು ಬೇರ್ಪಡಿಸಲು ಮೂರು ತಿಂಗಳ ಅವಧಿ ಕೊಡಲು ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ. ನಮ್ಮ ಸಾರಿಗೆ ಸಚಿವರು ಒಂದು ಜಿಲ್ಲೆಯಲ್ಲಾದರೂ ಇದನ್ನು ಪ್ರಯೋಗಿಸಿ ನೋಡಲೆಂದು ನಾವು ಸೂಚಿಸುತ್ತೇವೆ.

ಧಾರವಾಡದ ಶಿಕ್ಷಕರಿಗೆ ಶಾಫ್ಟು ಕೊನೆಗೂ ದೊರೆಯಿತು. ಮೇಸ್ತ್ರಿಯು ಬೆಂಗಳೂರಿನ ತನ್ನ ಹಳೆಯ ಸಂಗಡಿಗನಿಗೆ ಹೇಳಿಕಳಿಸಿದ; ಅವನು ಚೆನ್ನೈಯವರೆಗೂ ವಿಚಾರಿಸಿ, ಅಲ್ಲಿ ಬಿಚ್ಚಲು ಬಂದಿದ್ದ ಒಂದು ಬಿಳಿಯ ಅಂಬ್ಯಾಸಡರಿನಿಂದ ತರಿಸಿದ. ಹಲ್ಲುಗಳ ಎಣಿಕೆ ಸರಿಹೋಯಿತು, ಉದ್ದ ಸರಿಹೋಯಿತು. ಹದಿನೇಳನೆಯ ದಿನ ಗಾಡಿ ಮತ್ತೆ ಹುಬ್ಬಳ್ಳಿಯ ಆಸ್ಪತ್ರೆಯ ಮುಂದೆ ನಿಂತಿತು. ಶಿಕ್ಷಕರು ಶಿಸ್ತಿನ ಮನುಷ್ಯರು, ರಸೀತಿ ಬೇಕೇ ಬೇಕೆಂದು ಕೇಳಿ ತರಿಸಿಕೊಂಡಿದ್ದಾರೆ. ಅದನ್ನು ನಮಗೂ ತೋರಿಸಿದರು. ಎಕ್ಸಲ್ ಶಾಫ್ಟೆಂಬ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. “ಹಳೆಯ ಕಬ್ಬಿಣ, ನಗ 1” ಎಂದಿಷ್ಟೇ ಬರೆದಿದೆ.